ಕತ್ತಲೆ ಪ್ಯಾಸೇಜಿಗೆ ಯಾವ ಆಫ್‌ವೈಟ್? ಬಾಗಿಲು ಚೌಕಟ್ಟಿಗೂ ಅದೇ ಹಚ್ಚಬಹುದಾ?

ಬನಶಂಕರಿ_ಮನೆ
ಎಲ್ಲರಿಗೂ ನಮಸ್ಕಾರ. ಬನಶಂಕರಿ ಎರಡನೇ ಹಂತದಲ್ಲಿ ನಮ್ಮದು 30–40 ಸೈಟಿನ ಹಳೇ ಮನೆ, ಮಾವನವರು 80ರ ದಶಕದಲ್ಲಿ ಕಟ್ಟಿಸಿದ್ದು. ಹಾಲಿನಿಂದ ಅಡುಗೆಮನೆವರೆಗೆ ಒಂದು ಪ್ಯಾಸೇಜ್ ಇದೆ. 18 ಅಡಿ ಉದ್ದ, ನಾಲ್ಕಡಿ ಅಗಲ. ಎರಡು ರೂಮು, ಬಚ್ಚಲು, ದೇವರ ಮನೆ, ಎಲ್ಲದರ ಬಾಗಿಲೂ ಅಲ್ಲಿಗೇ. ಕಿಟಕಿ ಕೊನೆಯಲ್ಲಿ ಒಂದೇ, ಅದರಾಚೆ ಮೂರಡಿಗೆ ಪಕ್ಕದ ಮನೆ ಗೋಡೆ. ಮಟಮಟ ಮಧ್ಯಾಹ್ನವೂ ಲೈಟ್ ಹಾಕಬೇಕು. ನೆಲ ರೆಡ್ ಆಕ್ಸೈಡ್, ಅದನ್ನು ಮುಟ್ಟುವುದಿಲ್ಲ.

ಗೋಡೆಗೆ ಈಗ ತಿಳಿ ಹಸಿರು ಡಿಸ್ಟೆಂಪರ್, ಒರಗಿದರೆ ಬಟ್ಟೆಗೆ ಪುಡಿ ಹತ್ತುತ್ತದೆ. ಬಾಗಿಲು, ಚೌಕಟ್ಟಿಗೆಲ್ಲ ಕಾಫಿ ಬಣ್ಣದ ಎನಾಮಲ್. ದೀಪಾವಳಿಗೆ ಮುಂಚೆ ಎಲ್ಲವನ್ನೂ ಆಫ್‌ವೈಟ್ ಮಾಡಿಸೋಣ ಅಂತಿದ್ದೇವೆ. ಶೇಡ್ ಕಾರ್ಡ್ ನೋಡಿ ನೋಡಿ ತಲೆ ಕೆಟ್ಟಿದೆ. ಐವರಿ, ಕ್ರೀಮ್, ಬ್ರೋಕನ್ ವೈಟ್, ಎಲ್ಲ ಒಂದೇ ಥರ. ಪೇಂಟರ್‌ನ ಕೇಳಿದರೆ "ಯಾವುದಾದರೂ ಹಾಕಿ ಮೇಡಂ, ಹಚ್ಚಿದ ಮೇಲೆ ಎಲ್ಲಾ ಬಿಳೀನೇ" ಅಂತಾರೆ. ಗೋಡೆಗೂ ಮರಕ್ಕೂ ಒಂದೇ ಶೇಡಾ, ಬೇರೆ ಬೇರೆಯಾ? ಮರವನ್ನು ಬಿಳಿ ಮಾಡೋದೇ ಬೇಡ ಅಂತ ಅತ್ತೆ ಬೇರೆ ಹಟ ಹಿಡಿದಿದ್ದಾರೆ.

ಸುಣ್ಣಬಣ್ಣ
ಎಲ್ಲಾ ಬಿಳೀನೇ ಅಲ್ಲ ಮೇಡಂ. ಕಾರ್ಡನ್ನು ಒಂದು ಬಿಳಿ ಪ್ರಿಂಟರ್ ಹಾಳೆ ಮೇಲಿಟ್ಟು ನೋಡಿ. ಒಂದರಲ್ಲಿ ಹಳದಿ ಇಣುಕುತ್ತದೆ, ಇನ್ನೊಂದರಲ್ಲಿ ಗುಲಾಬಿ, ಮತ್ತೊಂದರಲ್ಲಿ ಬೂದಿಯೋ ಹಸಿರೋ. ನೀವು ಆರಿಸಬೇಕಾದ್ದು ಆ ಒಳಬಣ್ಣವನ್ನು. ಹೆಸರು ನಂಬಬೇಡಿ, ಒಂದು ಕಂಪನಿಯ ಐವರಿ ಇನ್ನೊಂದು ಕಂಪನಿಯ ಕ್ರೀಮ್ ಆಗಿರುತ್ತದೆ.

ನಿಮ್ಮ ವಿಷಯದಲ್ಲಿ ಅರ್ಧ ತೀರ್ಮಾನ ನೆಲವೇ ಮಾಡಿಬಿಟ್ಟಿದೆ. ರೆಡ್ ಆಕ್ಸೈಡ್ ಮೇಲೆ ಬಿದ್ದ ಬೆಳಕು ಕೆಂಪಾಗಿ ಗೋಡೆಯ ಕೆಳಭಾಗಕ್ಕೆ ಹೊಡೆಯುತ್ತದೆ, ಅದರಲ್ಲೂ ಪಾಲಿಶ್ ಆಗಿರುವ ನೆಲವಾದರೆ ಇನ್ನೂ ಜಾಸ್ತಿ. ಗುಲಾಬಿ ಒಳಬಣ್ಣದ ಆಫ್‌ವೈಟ್ ಹಾಕಿದರೆ ಮಂಡಿಯೆತ್ತರದವರೆಗೆ ಮಕ್ಕಳ ಆಸ್ಪತ್ರೆ ವಾರ್ಡಿನ ಥರ ಕಾಣುತ್ತದೆ. ಬೂದಿಯೂ ಬೇಡ, ಬೆಳಕಿಲ್ಲದ ಕಡೆ ಅದು ಮಾಸಿದ ಗೋಡೆಯೇ. ಸ್ವಲ್ಪವೇ ಹಳದಿ ಇರುವ, ಆದರೆ ಕ್ರೀಮ್ ಅನ್ನಿಸದಷ್ಟು ತಿಳಿ ಶೇಡ್ ಹುಡುಕಿ. ಕಂಪನಿಗಳ ಸೈಟಿನಲ್ಲಿ ಕೆಲವು ಶೇಡ್‌ಗಳಿಗೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ. ಬಿದ್ದ ಬೆಳಕಿನಲ್ಲಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಲೆಕ್ಕ. 0 ಅಂದರೆ ಕಡುಕಪ್ಪು, 100 ಅಂದರೆ ಅಪ್ಪಟ ಬಿಳಿ. ನಿಮ್ಮ ಜಾಗಕ್ಕೆ 75ಕ್ಕಿಂತ ಕೆಳಗೆ ಇಳಿಯಬೇಡಿ.

ಇನ್ನೊಂದು, ಸ್ಯಾಂಪಲ್‌ನ ನೇರ ಗೋಡೆಗೆ ಬಳಿಸಬೇಡಿ. ಸುತ್ತ ಹಸಿರಿದ್ದರೆ ಯಾವ ಆಫ್‌ವೈಟೂ ಕೆಂಪು ಕೆಂಪಾಗಿ ಕಾಣುತ್ತದೆ. ದಪ್ಪ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹಚ್ಚಿ, ಸುತ್ತ ಎರಡು ಬೆರಳು ಬಿಳಿ ಅಂಚು ಬಿಡಿ. ಒಂದನ್ನು ನೆಲದ ಹತ್ತಿರ, ಒಂದನ್ನು ಕಣ್ಣೆತ್ತರಕ್ಕೆ, ಒಂದನ್ನು ಸ್ವಿಚ್ ಬೋರ್ಡ್ ಪಕ್ಕ ಅಂಟಿಸಿ. ಈಗಿನ ಸ್ವಿಚ್‌ಗಳು ನೀಲಿಬಿಳಿ ಇರುತ್ತವೆ, ಪಕ್ಕದಲ್ಲಿ ಹಳದಿ ಜಾಸ್ತಿಯಾದರೆ ಗೋಡೆ ಹೊಗೆ ಹಿಡಿದ ಹಾಗೆ ಕಾಣುತ್ತದೆ.

ಬೆಳಕಿನ_ಹುಳ
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಶೇಡಿಗಿಂತ ಮೊದಲು ಬಲ್ಬ್ ಆರಿಸಿ. ಹಗಲಲ್ಲೂ ಲೈಟ್ ಹಾಕುವ ಜಾಗದಲ್ಲಿ ಬಲ್ಬೇ ಸೂರ್ಯ ಅಲ್ವಾ? ಅಂಗಡಿಯಲ್ಲಿ ಸುಮ್ನೆ ಎಲ್‌ಇಡಿ ಕೊಡಿ ಅಂದರೆ 6500 ಕೆಲ್ವಿನ್‌ನದ್ದು, ಅಂದರೆ ನೀಲಿಬಿಳಿ ಬೆಳಕಿನದ್ದು, ಕೊಟ್ಟು ಕಳಿಸುತ್ತಾರೆ. ಅದರ ಕೆಳಗೆ ತಿಳಿ ಹಳದಿ ಶೇಡ್ ಹಸಿರು ಹೊಡೆಯುತ್ತದೆ. ಹಳದಿ ಬೆಳಕಿನ 3000 ಹಾಕಿದರೆ ಅದೇ ಶೇಡ್ ಬೆಣ್ಣೆ ಬಣ್ಣ. ನಡುವೆ 4000ದ್ದೂ ಸಿಗುತ್ತದೆ, ಪ್ಯಾಸೇಜಿಗೆ ನನ್ನ ಓಟು ಅದಕ್ಕೇ. ಡಬ್ಬಿ ಮೇಲೆ ಸಿಆರ್‌ಐ 90 ಅಂತಿದ್ದರೆ ಇನ್ನೂ ಒಳ್ಳೆಯದು, ಬಣ್ಣ ನಿಜವಾಗಿ ಕಾಣುತ್ತದೆ.

ಪಕ್ಕದ ಮನೆ ಗೋಡೆ ಯಾವ ಬಣ್ಣ? ಮೂರಡಿ ದೂರ ಅಂದರೆ ನಿಮ್ಮ ಕಿಟಕಿಯಿಂದ ಬರುವುದು ಆಕಾಶದ ಬೆಳಕಲ್ಲ, ಆ ಗೋಡೆಯ ಬೆಳಕು.

ಕಿಟಕಿ ಉತ್ತರಕ್ಕಿದ್ದರೆ, ಉತ್ತರದ ಬೆಳಕು ತಣ್ಣಗೆ ನೀಲಿ, ಗಾಢ ಕ್ರೀಮ್ ಹಾಕಿ ಅಂತ ಇಂಟರ್‌ನೆಟ್‌ನಲ್ಲಿ ಬರೆದದ್ದನ್ನು ನಂಬಬೇಡಿ. ಅದು ಲಂಡನ್ನಿನವರಿಗೆ. ಬೆಂಗಳೂರಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ.

ಬನಶಂಕರಿ_ಮನೆ
ಪಕ್ಕದವರದ್ದು ಕಿತ್ತಳೆ! ಹೋದ ವರ್ಷವಷ್ಟೇ ಹೊಡೆಸಿದ್ದು. ಬಲ್ಬ್ ಈಗ ನೋಡಿದೆ, 6500. 😭

ಬೆಳಕಿನ_ಹುಳ
ಹಾಗಾದರೆ ಹಳದಿಯನ್ನು ಇನ್ನೂ ಒಂದು ಮೆಟ್ಟಿಲು ಇಳಿಸಿ. ಮೇಲೆ ಕಿತ್ತಳೆ, ಕೆಳಗೆ ಕೆಂಪು, ಬಿಸಿ ಬಣ್ಣ ಆಗಲೇ ಬೇಕಾದಷ್ಟಿದೆ. ಪಕ್ಕದವರ ಜೊತೆ ಜಗಳ ಬೇಡ.

ಮರಗೆಲಸ
ನಾನು ಅತ್ತೆಯವರ ಕಡೆ. ಆ ಕಾಲದ ಚೌಕಟ್ಟು ಮತ್ತಿ ಅಥವಾ ಹೊನ್ನೆ ಮರದ್ದಾಗಿರಬಹುದು. ಎನಾಮಲ್ ತೆಗೆಸಿ ಪಾಲಿಶ್ ಮಾಡಿಸಿದರೆ ಕೆಂಪು ನೆಲದ ಪಕ್ಕ ಅದರ ಕಳೆಯೇ ಬೇರೆ. ಖರ್ಚು ಜಾಸ್ತಿ, ಒಪ್ಪುತ್ತೇನೆ.

ಬಿಳಿಯೇ ಬೇಕು ಅಂದರೆ ಗೋಡೆಯ ಶೇಡ್ ಕೋಡನ್ನೇ ಮರಕ್ಕೂ ಕೊಡಿ, ಹೊಳಪು ಮಾತ್ರ ಬೇರೆ ಇರಲಿ. ಗೋಡೆಗೆ ತೊಳೆಯಬಹುದಾದ, ಹೊಳಪಿಲ್ಲದ ಮ್ಯಾಟ್ ಎಮಲ್ಷನ್, ಮರಕ್ಕೆ ತುಸು ಹೊಳಪಿನ ಸ್ಯಾಟಿನ್. ಕಿರಿದಾದ ಜಾಗದಲ್ಲಿ ನಾಲ್ಕು ಚೌಕಟ್ಟು ಬೇರೆ ಬೇರೆ ಬಿಳಿಯಲ್ಲಿ ಎದ್ದು ನಿಂತರೆ ಕಣ್ಣಿಗೆ ಕಿರಿಕಿರಿ. ಎಣ್ಣೆ ಎನಾಮಲ್ ಬಿಳಿಯಲ್ಲಿ ಬೇಡವೇ ಬೇಡ. ಬಿಸಿಲು ಕಾಣದ ಜಾಗದಲ್ಲಿ ಅದು ತಾನಾಗೇ ಹಳದಿಗೆ ತಿರುಗುತ್ತದೆ, ಬಾಗಿಲ ಹಿಂಭಾಗ ಮೊದಲು. ನೀರಿನ ಎನಾಮಲ್ ತಗೊಳ್ಳಿ. ಆದರೆ ಹಳೇ ಎನಾಮಲ್ ಮೇಲೆ ಸೀದಾ ಹೊಡೆದರೆ ಉಗುರಲ್ಲೇ ಎದ್ದು ಬರುತ್ತದೆ. ಉಜ್ಜಿ, ಪ್ರೈಮರ್ ಹಾಕಿ, ಆಮೇಲೆ.

ಉಜ್ಜುವಾಗ ಹುಷಾರು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. 80ರ ದಶಕದ ಎನಾಮಲ್‌ನಲ್ಲಿ ಸೀಸ ಇದೆ ಅಂತಲೇ ಅಂದುಕೊಳ್ಳಿ. ಒಣ ಉಜ್ಜು ಬೇಡ. ವಾಟರ್ ಪೇಪರ್‌ನಲ್ಲಿ ನೀರು ಹಾಕಿಕೊಂಡು ಉಜ್ಜಿಸಿ, ಮಾಸ್ಕ್ ಕೊಡಿ, ಮಕ್ಕಳನ್ನು ಅಷ್ಟು ದಿನ ಅಜ್ಜಿ ಮನೆಗೆ ಕಳಿಸಿ. ಸಾಮಾನ್ಯವಾಗಿ ಪೇಂಟರ್‌ಗಳು ಇದನ್ನು ಹೇಳುವುದೂ ಇಲ್ಲ, ಕೇಳುವುದೂ ಇಲ್ಲ.

ದೇವರ ಮನೆ ಹೊಸ್ತಿಲನ್ನು ಮಾತ್ರ ಬಿಳಿ ಮಾಡಬೇಡಿ. ಅರಿಶಿನ ಒಂದು ಸಲ ಹಿಡಿದರೆ ಬಿಸಿಲಿಲ್ಲದ ಕಡೆ ಮಾಸುವುದೇ ಇಲ್ಲ. ಹೊಸ್ತಿಲು, ಅದರ ಮೇಲೆ ಚೌಕಟ್ಟಿನ ಒಂದು ಗೇಣು ಮರದ ಬಣ್ಣದಲ್ಲೇ ಇರಲಿ.

ಬನಶಂಕರಿ_ಮನೆ
ಹೊಸ್ತಿಲಿನ ಮಾತು ಕೇಳಿ ಅತ್ತೆ ಖುಷಿಯಾದರು. ಈಗ ಹೀಗೆ ಅಂದುಕೊಂಡಿದ್ದೇವೆ: ದೇವರ ಮನೆ ಬಾಗಿಲು ಪೂರ್ತಿ ಪಾಲಿಶ್, ಉಳಿದ ಮೂರು ಗೋಡೆ ಬಣ್ಣದಲ್ಲೇ. ಡಿಸ್ಟೆಂಪರ್ ಮೇಲೆ ಎಮಲ್ಷನ್ ನಿಲ್ಲುತ್ತಾ? ಎಷ್ಟು ಲೀಟರ್ ತರಬೇಕು?

ಸುಣ್ಣಬಣ್ಣ
ಪುಡಿ ಉದುರುವ ಡಿಸ್ಟೆಂಪರ್ ಮೇಲೆ ನಿಲ್ಲುವುದಿಲ್ಲ. ಕೆರೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರೈಮರ್, ಬೇಕಾದಲ್ಲಿ ಪುಟ್ಟಿ, ಮತ್ತೆ ಪ್ರೈಮರ್. ಮಳೆ ಹಿಡಿದಿದ್ದರೆ ಪುಟ್ಟಿ ಒಣಗಲು ಒಂದು ದಿನ ಜಾಸ್ತಿ ಕೊಡಿ. 10 ಅಡಿ ಎತ್ತರ ಅಂದುಕೊಂಡು ಬಾಗಿಲು ಕಳೆದರೆ ಸುಮಾರು 275 ಚದರಡಿ ಆಗುತ್ತದೆ, ಎರಡು ಕೋಟ್‌ ಹಚ್ಚಲು 4 ಲೀಟರಿನ ಒಂದು ಡಬ್ಬ, 1 ಲೀಟರಿನ ಒಂದು. ಎರಡನ್ನೂ ಒಟ್ಟಿಗೇ ಮಿಕ್ಸ್ ಮಾಡಿಸಿಕೊಳ್ಳಿ, ಮನೆಯಲ್ಲಿ ಒಂದೇ ಬಕೆಟ್‌ಗೆ ಸುರಿದು ಕಲಸಿ ಹಚ್ಚಿಸಿ, ಇಲ್ಲದಿದ್ದರೆ ಅರ್ಧ ಗೋಡೆಯಲ್ಲಿ ಶೇಡ್ ಬದಲಾದದ್ದು ಕಾಣಬಹುದು. ಮುಚ್ಚಳದ ಮೇಲಿನ ಕೋಡ್ ಸ್ಟಿಕ್ಕರ್ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಟಚಪ್‌ಗೆ ಬೇಕಾಗುತ್ತದೆ. ಮೊದಲು ಆ 6500 ಬಲ್ಬ್ ಬದಲಾಯಿಸಿ, ಆಮೇಲೆ ಡ್ರಾಯಿಂಗ್ ಶೀಟ್ ಅಂಟಿಸಿ.