ಅರಬ್ ದೇಶಗಳ ಹವಾಮಾನ ಯೋಜನೆಗಳಲ್ಲಿ ಗೋಧಿಯ ಲೆಕ್ಕ ಎಲ್ಲಿದೆ?

ಶಾಲಿನಿ:
ಪ್ಯಾರಿಸ್ ಒಪ್ಪಂದದಂತೆ ದೇಶಗಳು ಐದು ವರ್ಷಕ್ಕೊಮ್ಮೆ ಸಲ್ಲಿಸುವ ಹವಾಮಾನ ಯೋಜನೆಗಳ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. 2030ರ ವೇಳೆಗೆ ಹೊರಸೂಸುವಿಕೆಯನ್ನು ಶೇ 45.5ರಷ್ಟು ತಗ್ಗಿಸುವುದಾಗಿ ಮೊರಾಕ್ಕೊ 2021ರಲ್ಲಿ ಹೇಳಿದೆ. ಹೊರಗಿನ ನೆರವಿಲ್ಲದೆ ಸಾಧ್ಯವಾಗುವುದು ಶೇ 18.3 ಮಾತ್ರ. ಇಂಗಾಲಕ್ಕೆ ದಶಾಂಶದವರೆಗೆ ಲೆಕ್ಕವಿದೆ, ಊಟಕ್ಕೆ ಅಂಥ ಲೆಕ್ಕ ಏಕಿಲ್ಲ? ತಮಗೆ ಬೇಕಾದ ಗೋಧಿಯನ್ನು ತಾವೇ ಬೆಳೆಯುವ ಗುರಿಯನ್ನು ಈ ದೇಶಗಳು ಯೋಜನೆಯಲ್ಲಿ ಸೇರಿಸಬಾರದೇ?

ಇಬ್ರಾಹಿಂ:
ಶಾಲಿನಿಯವರೇ, ಆ ಗುರಿ ಮುಟ್ಟಿ ಹಿಂದೆ ಸರಿದ ದೇಶದಲ್ಲಿ ನಾನು ನೀರಾವರಿ ಎಂಜಿನಿಯರ್ ಆಗಿದ್ದೆ. ಸೌದಿ ಅರೇಬಿಯಾ 1980ರ ದಶಕದಲ್ಲಿ ಗೋಧಿಯಲ್ಲಿ ಸ್ವಾವಲಂಬಿಯಾಯಿತು, ರಫ್ತನ್ನೂ ಮಾಡಿತು. ಮರಳುಗಾಡಿನಲ್ಲಿ ದುಂಡನೆಯ ಹಸಿರು ಹೊಲಗಳು, ನಡುವೆ ಆಳದ ಕೊಳವೆಬಾವಿ, ಅದರ ಸುತ್ತ ಚಕ್ರಗಳ ಮೇಲೆ ನಿಧಾನವಾಗಿ ತಿರುಗುವ ನೀರಿನ ಕೊಳವೆ. ನೋಡಿದವರಿಗೆ ಹೆಮ್ಮೆಯಾಗುತ್ತಿತ್ತು. ಆದರೆ ಆ ನೀರು ಸಾವಿರಾರು ವರ್ಷಗಳ ಹಿಂದೆ, ಅಲ್ಲಿ ಚೆನ್ನಾಗಿ ಮಳೆಯಾಗುತ್ತಿದ್ದ ಕಾಲದಲ್ಲಿ ಇಂಗಿದ್ದು. ಈಗಿನ ಮಳೆಯಿಂದ ಅದು ಮತ್ತೆ ತುಂಬುವುದಿಲ್ಲ. ಹೀಗಾಗಿ ಸ್ಥಳೀಯ ಗೋಧಿ ಖರೀದಿಯನ್ನು ಹಂತಹಂತವಾಗಿ ನಿಲ್ಲಿಸಲು 2008ರಲ್ಲಿ ಸರ್ಕಾರ ತೀರ್ಮಾನಿಸಿತು. 2016ರಲ್ಲಿ ಅದು ನಿಂತಿತು. ಮುಂದೆ ಸೀಮಿತ ಪ್ರಮಾಣದಲ್ಲಷ್ಟೇ ಮತ್ತೆ ಅವಕಾಶ ಸಿಕ್ಕಿತು. ನನಗೆ ಇಂದಿಗೂ ಸಂಕಟವಾಗುವುದು ನಡುವೆ ನಡೆದದ್ದಕ್ಕೆ: ಗೋಧಿ ಬಿಟ್ಟ ಎಷ್ಟೋ ಜಮೀನುಗಳಲ್ಲಿ ಅದಕ್ಕಿಂತ ಹೆಚ್ಚು ನೀರು ಬೇಡುವ ಲೂಸರ್ನ್ ಮೇವು ಬೆಳೆಯಿತು. ಬೆಳೆ ಬದಲಾಯಿತು, ಬಾವಿಯ ಮೇಲಿನ ಹೊರೆ ಇಳಿಯಲಿಲ್ಲ.

ರಘು:
ಹಾಗೆಂದು ಹಡಗಿನಲ್ಲಿ ಬರುವ ಧಾನ್ಯವನ್ನೇ ನಂಬಿ ಕೂರಬಹುದೇ? ಈಜಿಪ್ಟ್ ಕೊಳ್ಳುತ್ತಿದ್ದ ಗೋಧಿಯಲ್ಲಿ ಬಹುಪಾಲು ರಷ್ಯಾ ಮತ್ತು ಉಕ್ರೇನ್‌ನದು. 2022ರ ಯುದ್ಧ ಆ ದಾರಿಯನ್ನೇ ಅಲುಗಾಡಿಸಿತು. ಮೂರು ದಶಕ ಕದಲದಿದ್ದ ಸಬ್ಸಿಡಿ ರೊಟ್ಟಿಯ ಬೆಲೆ 2024ರ ಜೂನ್‌ನಲ್ಲಿ 5 ಪಿಯಾಸ್ಟರ್‌ನಿಂದ 20ಕ್ಕೆ ಏರಿತು. ಲೆಬನಾನ್‌ನದು ಇನ್ನೊಂದು ಬಗೆಯ ಪಾಠ. ದೇಶದ ಮುಖ್ಯ ಧಾನ್ಯ ಸಂಗ್ರಹಾಗಾರ ಬೈರುತ್ ಬಂದರಿನಲ್ಲಿತ್ತು. 2020ರ ಆಗಸ್ಟ್ 4ರ ಸ್ಫೋಟದಲ್ಲಿ ಹಾಳಾಯಿತು.

ಇಬ್ರಾಹಿಂ:
ರಘು ಅವರ ಮಾತು ಸರಿ. ಆಮದು ಬೇಕೇ ಬೇಕು. ಯಾರಿಂದ ಕೊಳ್ಳಬೇಕು, ಎಲ್ಲೆಲ್ಲಿ ಕೂಡಿಡಬೇಕು ಎಂಬುದೂ ಹವಾಮಾನ ಯೋಜನೆಯ ವಿಷಯವೇ ಆಗಬೇಕು. ನನ್ನ ಹಟ ಒಂದೇ: ಮೊದಲು ನೀರಿನ ಲೆಕ್ಕ, ಆಮೇಲೆ ಬೆಳೆಯ ಗುರಿ. ತಲಾ ವಾರ್ಷಿಕ 500 ಘನ ಮೀಟರ್‌ಗಿಂತ ಕಡಿಮೆ ನೀರಿದ್ದರೆ ತೀವ್ರ ಕೊರತೆ ಎನ್ನುತ್ತಾರೆ. ಜೋರ್ಡಾನ್‌ನಲ್ಲಿ 100 ಕೂಡ ಇಲ್ಲ. ನದಿಗಳಿರುವ ಇರಾಕ್ ಸಹ 2021ರಲ್ಲಿ ನೀರಿಲ್ಲದೆ ಹಿಂಗಾರು ಬಿತ್ತನೆಯನ್ನು ಅರ್ಧಕ್ಕೆ ಇಳಿಸಬೇಕಾಯಿತು.

ದಾಖಲೆಯ ಬಲ ನಿಮಗಿದೆ, ಶಾಲಿನಿಯವರೇ. ಹವಾಮಾನ ಕ್ರಮಗಳು ಆಹಾರ ಉತ್ಪಾದನೆಗೆ ಧಕ್ಕೆ ತರಬಾರದು ಎಂದು ಪ್ಯಾರಿಸ್ ಒಪ್ಪಂದದ 2ನೇ ವಿಧಿಯೇ ಹೇಳುತ್ತದೆ. 2023ರ ದುಬೈ ಸಮ್ಮೇಳನದಲ್ಲಿ ಕೃಷಿ ಮತ್ತು ಆಹಾರವನ್ನು ರಾಷ್ಟ್ರೀಯ ಯೋಜನೆಗಳಲ್ಲಿ ಸೇರಿಸುವುದಾಗಿ 150ಕ್ಕೂ ಹೆಚ್ಚು ದೇಶಗಳು ಒಪ್ಪಿವೆ. ಹೊಸ ಯೋಜನೆಗಳನ್ನು ಓದುವಾಗ ನೀರಿನ ಅಧ್ಯಾಯವನ್ನೂ ಕೃಷಿಯ ಅಧ್ಯಾಯವನ್ನೂ ಪಕ್ಕಪಕ್ಕದಲ್ಲಿಟ್ಟುಕೊಳ್ಳಿ. ಒಂದೇ ನೀರನ್ನು ಒಂದು ಕಡೆ ಉಳಿಸಿ, ಇನ್ನೊಂದು ಕಡೆ ಹೊಲಕ್ಕೆ ಹರಿಸಿದ್ದಾರೆಯೇ ನೋಡಿ. ಕಂಡದ್ದನ್ನು ಇಲ್ಲಿ ಬರೆಯಿರಿ, ಒಟ್ಟಿಗೆ ಕೂತು ಲೆಕ್ಕ ಹಾಕೋಣ.