ಕೆರೆ ವಾಸನೆ, ಸತ್ತ ಮೀನು: ಇವತ್ತಾದರೂ ಯಾರಾದರೂ ಮಾತಾಡ್ತೀರಾ?

ಮನೆ 12 · ಬೆಳಿಗ್ಗೆ 5:52
ರಾತ್ರಿಯಿಡೀ ನಿದ್ದೆ ಇಲ್ಲ. ಮಳೆ ನಿಂತ ಮೇಲೆ ಶುರುವಾದ ವಾಸನೆ ಕಿಟಕಿ ಮುಚ್ಚಿದರೂ ಒಳಗೆ ನುಗ್ಗಿತು. ಅಮ್ಮನಿಗೆ ವಾಂತಿ. ತಡೆಯಲಾರದೆ ಟಾರ್ಚ್ ಹಿಡಿದು ಕೋಡಿ ಹತ್ತಿರ ಹೋದೆ. ಬದುಕಿದ್ದ ಮೀನೆಲ್ಲ ಮೇಲೆ ಬಂದು ಬಾಯಿ ಬಿಟ್ಟುಕೊಂಡು ಒದ್ದಾಡುತ್ತಿವೆ. ಸತ್ತವು ದಡದಲ್ಲಿ ರಾಶಿ ಬಿದ್ದಿವೆ. ಹೋದ ವರ್ಷದ ಮೀಟಿಂಗಿನಲ್ಲಿ "ನೋಡೋಣ, ಮಾಡೋಣ" ಅಂದವರು ದಯವಿಟ್ಟು ಈಗ ಬಂದು ನೋಡಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಇವತ್ತೊಂದು ದಿನ ಬೇಡ.

ಮನೆ 31 · 5:58
ನಾನು ಆಗಲೇ ಹೇಳಿದ್ದೆ. ಮೇಲಿನ ಅಪಾರ್ಟ್‌ಮೆಂಟ್ ಟವರಿನವರು ಮಳೆ ಬಂದಾಗ ಕೊಳಚೆ ಟ್ಯಾಂಕ್ ಕೆರೆಗೆ ಬಿಡುತ್ತಾರೆ.

ಮನೆ 31 · 5:58
ವಿಷ. ಪಕ್ಕಾ ವಿಷ.

ಮನೆ 31 · 6:01
ಇನ್ನೂ ಯಾರೂ ಎದ್ದಿಲ್ವಾ?

ಮನೆ 44 · 6:04
ಎದ್ದಿದ್ದೇವೆ ಸರ್. ಅಲಾರಾಂ ಬೇಕಾಗಲಿಲ್ಲ, ಮೂಗೇ ಸಾಕಾಯಿತು.

ಮನೆ 19 · 6:10
ನನ್ನ ಬೆಳ್ಳಿ ಸರ ಒಂದೇ ವಾರದಲ್ಲಿ ಕಪ್ಪಾಗಿದೆ. ಇದೂ ಕೆರೆಯಿಂದಲೇನಾ?

ಮನೆ 7 · 6:22
ಹೌದಮ್ಮ, ಇರಬಹುದು. ಕೊಳೆತ ಮೊಟ್ಟೆ ವಾಸನೆ ಬರುತ್ತಿದೆಯಲ್ಲ, ಅದು ಹೈಡ್ರೋಜನ್ ಸಲ್ಫೈಡ್. ನೀರಿನಲ್ಲಿ ಆಮ್ಲಜನಕ ಮುಗಿದ ಮೇಲೆ ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟ್ ಬಳಸಿ ಉಸಿರಾಡುತ್ತವೆ. ಆಗ ಈ ಗ್ಯಾಸ್ ಹೊರಬರುತ್ತದೆ. ಬೆಳ್ಳಿ ಕಪ್ಪಾಗುವುದೂ ಅದರಿಂದಲೇ.

31 ಸರ್, ವಿಷ ಅಂತ ಈಗಲೇ ತೀರ್ಮಾನ ಬೇಡ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ ಅಂದರೆ ಮೊದಲು ನೋಡಬೇಕಾದ್ದು ಆಮ್ಲಜನಕ. ಅದೂ ಬೆಳಗಿನ ಜಾವ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ತೆಗೆದುಕೊಳ್ಳುತ್ತದೆ. ಸೂರ್ಯ ಹುಟ್ಟುವ ಮುಂಚೆ ಮಟ್ಟ ತೀರಾ ಕೆಳಗಿರುತ್ತದೆ. ನಿನ್ನೆ ಹಗಲೆಲ್ಲ ಮೋಡ ಬೇರೆ.

ಮನೆ 31 · 6:25
ಪಾಚಿ ಮೊದಲೂ ಇತ್ತು. ಆಗ ಮೀನು ಸತ್ತವಾ?

ಮನೆ 7 · 6:33
ಮೊದಲು ಇಷ್ಟು ಕೊಳಚೆ ಬರುತ್ತಿರಲಿಲ್ಲವಲ್ಲ ಸರ್. ಒಂದು ಲೆಕ್ಕ ಹೇಳುತ್ತೇನೆ. 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, ಅಷ್ಟೇ. 20 ಡಿಗ್ರಿಯಲ್ಲಿ 9ಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಗ್ರಾಂ ಸಕ್ಕರೆಯನ್ನು ಬ್ಯಾಕ್ಟೀರಿಯಾ ಪೂರ್ತಿ ಮುಗಿಸಲು ಒಂದು ಗ್ರಾಂಗಿಂತ ಚೂರು ಹೆಚ್ಚು ಆಮ್ಲಜನಕ ಬೇಕು. ಅಂದರೆ ಆ ಒಂದು ಗ್ರಾಂ ಸಕ್ಕರೆ ಸುಮಾರು 150 ಲೀಟರ್ ನೀರಿನ ಆಮ್ಲಜನಕವನ್ನು ಖಾಲಿ ಮಾಡುತ್ತದೆ. ಸಕ್ಕರೆ ವಿಷ ಅಲ್ಲ ತಾನೇ? ಆದರೂ ಮೀನು ಸಾಯುತ್ತದೆ.

ಮನೆಗಳ ಕೊಳಚೆ ನೀರಿನ ಬಿಒಡಿ ಲೀಟರಿಗೆ 200ರಿಂದ 300 ಮಿಲಿಗ್ರಾಂ ಇರುವುದು ಸಾಮಾನ್ಯ. 5 ದಿನದಲ್ಲಿ ಬ್ಯಾಕ್ಟೀರಿಯಾ ಕೇಳುವ ಆಮ್ಲಜನಕ ಅದು. ಕೊಡಲು ಇರುವುದು 7.5. ಗಾಳಿಯಿಂದ ಹೊಸದು ಕರಗುತ್ತದೆ, ಆದರೆ ನಿಂತ ನೀರಿನಲ್ಲಿ ಬಹಳ ನಿಧಾನ.

ಮನೆ 44 · 6:35
ನಮ್ಮ ಗುಂಪಿನ ಫಂಡ್ ಇದ್ದ ಹಾಗೇ ಇದೆ. ಕೇಳುವವರು 300, ಕೊಡುವವರು 7.5.

ಟವರ್ ಬಿ 603 · 6:41
ಎಲ್ಲದಕ್ಕೂ ಟವರ್, ಟವರ್. ನಮ್ಮಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಇದೆ. ನಿಮ್ಮ ಎರಡನೇ ಅಡ್ಡರಸ್ತೆಯ ಮನೆಗಳ ಪೈಪು ನೇರ ಮಳೆನೀರ ಚರಂಡಿಗೇ ಹೋಗುತ್ತದೆ. ಅದರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಮನೆ 31 · 6:42
ಎಸ್‌ಟಿಪಿ ಇದೆ, ಗೊತ್ತು. ಓಡುತ್ತದಾ?

ಟವರ್ ಬಿ 603 · 6:43
ಬಂದು ನೋಡಿ.

ಮನೆ 31 · 6:43
ಹಗಲು ಬಂದರೆ ಓಡುತ್ತಿರುತ್ತದೆ. ರಾತ್ರಿ ಬ್ಲೋವರ್ ಸದ್ದೇ ಕೇಳಲ್ಲ. ನನ್ನ ಮಲಗುವ ಕೋಣೆ ಆ ಕಡೆಗೇ ಇದೆ, ನನಗೆ ಗೊತ್ತಿಲ್ವಾ?

ಮನೆ 26 · 6:47
ಎರಡನೇ ಅಡ್ಡರಸ್ತೆ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ನಮ್ಮ ಪೈಪು 2 ವರ್ಷದ ಹಿಂದೆಯೇ ಮುಖ್ಯ ಲೈನಿಗೆ ಸೇರಿಸಿದ್ದೇವೆ. ರಶೀದಿ ಇದೆ. ಹಾಕಲಾ?

ಮನೆ 7 · 6:55
ರಶೀದಿ ಬೇಡ ತಾಯಿ. ಬ್ಲೋವರ್ ವಿಷಯ ಮಾತ್ರ ಮುಖ್ಯವಾದದ್ದು. ಟ್ಯಾಂಕಿನಲ್ಲಿ ಕೊಳಕು ತಿನ್ನುವ ಬ್ಯಾಕ್ಟೀರಿಯಾಗೆ ಗಾಳಿ ಕೊಡುವುದೇ ಅದು. ಅದು ನಿಂತರೆ ಟ್ಯಾಂಕ್ ಬರೀ ದಾರಿ, ಒಳಗೆ ಬಂದದ್ದು ಹಾಗೇ ಹೊರಗೆ.

ಆದರೆ ನಿನ್ನೆಯದು ಒಬ್ಬರ ತಪ್ಪು ಅಂತ ನನಗೆ ಅನಿಸಲ್ಲ. ಮಳೆಯ ಮೊದಲ ಹೊಡೆತಕ್ಕೆ ಚರಂಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಹೂಳು ಒಟ್ಟಿಗೇ ಬರುತ್ತದೆ. ಕೆರೆಯ ತಳದ ಕಪ್ಪು ಕೆಸರೂ ಕದಡುತ್ತದೆ. ಕೋಡಿ ಪಕ್ಕದ ಮೆಟ್ಟಿಲ ಹತ್ತಿರ ಕೋಲು ಚುಚ್ಚಿ ನೋಡಿ. ಗುಳ್ಳೆ ಬುಳಬುಳ ಏಳುತ್ತದೆ. ಅದು ಹೆಚ್ಚಾಗಿ ಮೀಥೇನ್. ಕೋಲಿನ ತುದಿಗೆ ಎಣ್ಣೆಯಂಥ ಕರಿ ಮಣ್ಣು ಅಂಟಿರುತ್ತದೆ. ಕೆರೆಗೆ ಬಂದ ಕೊಳಕಿನ ಅರ್ಧ ಚರಿತ್ರೆ ಅಲ್ಲಿದೆ.

ಮನೆ 44 · 7:02
*ಫಾರ್ವರ್ಡ್ ಆದ ಸಂದೇಶ, ಹಲವು ಬಾರಿ*
🌿 ವಿಜ್ಞಾನಿಗಳೇ ಬೆರಗಾದರು!! ಈ ಒಂದು ಬ್ಯಾಕ್ಟೀರಿಯಾ ಉಂಡೆ ಕೆರೆಗೆ ಎಸೆದರೆ 48 ಗಂಟೆಯಲ್ಲಿ ನೀರು ಸ್ಫಟಿಕ!! 10 ಗುಂಪುಗಳಿಗೆ ಕಳಿಸಿ 🙏

ಮನೆ 19 · 7:04
ಇದು ಒಳ್ಳೆಯದಲ್ವಾ? ನನ್ನ ತಂಗಿಯ ಬಡಾವಣೆಯಲ್ಲಿ ಮಾಡಿದ್ದಾರಂತೆ.

ಮನೆ 31 · 7:05
ಉಂಡೆ ಗಿಂಡೆ ಬೇಡ. ಬ್ಲೀಚಿಂಗ್ ಪೌಡರ್ ಹತ್ತು ಮೂಟೆ. ಇವತ್ತೇ. ನಾನು ತರಿಸುತ್ತೇನೆ, ಹಣ ಆಮೇಲೆ ಕೊಡಿ.

ಮನೆ 7 · 7:09
ದಯವಿಟ್ಟು ಬೇಡ ಸರ್! ಬ್ಲೀಚಿಂಗ್ ಪೌಡರ್ ಕೊಳಕು ತಿನ್ನುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ಉಳಿದ ಮೀನೂ ಹೋಗುತ್ತದೆ. ಅದರಲ್ಲಿರುವ ಕ್ಲೋರಿನ್, ಕೊಳೆತ ಎಲೆ ಕಸದ ಜೊತೆ ಸೇರಿದರೆ ಕ್ಲೋರೋಫಾರ್ಮಿನಂಥವು ಹುಟ್ಟುತ್ತವೆ. 1974ರಲ್ಲೇ ಕುಡಿಯುವ ನೀರಿನಲ್ಲಿ ಇದನ್ನು ತೋರಿಸಿದ್ದಾರೆ.

ಉಂಡೆಯ ಕಥೆಯೂ ಅಷ್ಟೇ. ಕೆರೆಯಲ್ಲಿ ಬ್ಯಾಕ್ಟೀರಿಯಾಗೆ ಬರ ಇಲ್ಲ, ಆಮ್ಲಜನಕಕ್ಕೆ ಬರ.

ಮನೆ 31 · 7:10
ಎಲ್ಲದಕ್ಕೂ ಬೇಡ ಬೇಡ. ಮತ್ತೆ ಏನು ಬೇಕು ನಿಮಗೆ?

ಮನೆ 12 · 7:15
ಹೌದು ಅಂಕಲ್, ಏನು ಮಾಡಬೇಕು ಅಂತ ಹೇಳಿ. ಆ ನೊರೆ ಬೇರೆ ಇದೆ. ಕೋಡಿ ಕೆಳಗೆ ಮೊಣಕಾಲುದ್ದ ಎದ್ದಿದೆ, ಗಾಳಿಗೆ ರಸ್ತೆಗೇ ಹಾರುತ್ತಿದೆ.

ಮನೆ 7 · 7:31
ನೊರೆ ನೋಡಿದರೂ ಅದೇ ಕಥೆ ತಾಯಿ. ಬಟ್ಟೆ ಪುಡಿಯಲ್ಲಿ ಜಾಸ್ತಿ ಬಳಸುವ ಒಂದು ವಸ್ತು ಇದೆ, ಸಂಕ್ಷಿಪ್ತವಾಗಿ ಎಲ್‌ಎಎಸ್. 1950ರ ದಶಕದಲ್ಲಿ ಇದಕ್ಕಿಂತ ಹಳೆಯ ಬಗೆಯದು ಇತ್ತು. ಅದರ ಅಣುವಿನ ಬಾಲ ಕವಲು ಕವಲು, ಬ್ಯಾಕ್ಟೀರಿಯಾಗೆ ಕಡಿಯಲು ಆಗುತ್ತಿರಲಿಲ್ಲ. ಯೂರೋಪ್, ಅಮೆರಿಕದ ನದಿಗಳಲ್ಲಿ ನೊರೆಯ ಗುಡ್ಡೆ ಏಳುತ್ತಿತ್ತು. 1960ರ ದಶಕದಲ್ಲಿ ಬಾಲ ನೇರ ಇರುವುದನ್ನು ತಂದರು. ಇದನ್ನು ಬ್ಯಾಕ್ಟೀರಿಯಾ ಬೇಗ ಕಡಿದು ಮುಗಿಸುತ್ತವೆ. ಆದರೆ ಆಮ್ಲಜನಕ ಇದ್ದರೆ ಮಾತ್ರ. ಗಾಳಿಯಿಲ್ಲದ ನೀರಿನಲ್ಲಿ ಅದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಚರಂಡಿ ಪೂರ್ತಿ, ಕೆರೆ ಪೂರ್ತಿ ದಾಟಿ ಬಂದು ಕೋಡಿಯಲ್ಲಿ ಧುಮುಕಿದಾಗ ನೊರೆ.

ಏನು ಮಾಡಬೇಕು ಅಂದಿರಲ್ಲ. ಮೊದಲು ಅಳೆಯಬೇಕು. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ಡಿಒ ಮೀಟರ್ ಅಂತ ಕೈಯಲ್ಲಿ ಹಿಡಿಯುವ ಯಂತ್ರ ಇರುತ್ತದೆ, ನನ್ನ ಹಳೇ ಲ್ಯಾಬಿನಿಂದ ಒಂದು ವಾರ ಕೇಳಿ ತರಬಲ್ಲೆ. ಬೆಳಗಿನ ಜಾವ 5ಕ್ಕೆ ನಾಲ್ಕು ಕಡೆ ಅಳೆಯಬೇಕು: ಟವರ್ ಚರಂಡಿ ಸೇರುವ ಜಾಗ, ಅಡ್ಡರಸ್ತೆಯ ಚರಂಡಿ ಸೇರುವ ಜಾಗ, ಕೆರೆ ನಡುವೆ, ಕೋಡಿ. ಮತ್ತೆ ಮಧ್ಯಾಹ್ನ 3ಕ್ಕೆ. ಎಲ್ಲಿ ಕುಸಿಯುತ್ತದೆ ಅಂತ ಕಂಡರೆ ಯಾರು ಯಾರನ್ನು ಬೈಯಬೇಕು ಅನ್ನೋದೂ ಗೊತ್ತಾಗುತ್ತದೆ. 1925ರಲ್ಲಿ ಸ್ಟ್ರೀಟರ್, ಫೆಲ್ಪ್ಸ್ ಅನ್ನುವ ಇಬ್ಬರು ಓಹಾಯೋ ನದಿಯ ಬಗ್ಗೆ ಪ್ರಕಟಿಸಿದ್ದು ಇಂಥದ್ದನ್ನೇ. ನದಿಯಲ್ಲಿ ಕೊಳಚೆ ಸೇರಿದ ಜಾಗದಲ್ಲೇ ಅಲ್ಲ, ಅಲ್ಲಿಂದ ಹರಿದು ಮುಂದೆ ಹೋದ ಮೇಲೆ ಆಮ್ಲಜನಕ ಅತಿ ಕಡಿಮೆ ಇರುತ್ತದೆ.

ಮನೆ 31 · 7:33
ಇಷ್ಟುದ್ದ ಯಾರು ಓದುತ್ತಾರೆ?

ಮನೆ 26 · 7:36
ನಾನು ಓದಿದೆ. ಎಣ್ಣೆ ತೇಲುತ್ತಿರುವುದರ ಬಗ್ಗೆ? ತಿರುವಿನ ಕಾರ್ ತೊಳೆಯುವವರದ್ದೇ ಅದು.

ಮನೆ 7 · 7:44
ಕಡ್ಡಿಯಿಂದ ಕಲಕಿ ನೋಡಿ. ಆ ಬಣ್ಣದ ಪೊರೆ ಗಾಜಿನ ಚೂರಿನ ಹಾಗೆ ಒಡೆದು ದೂರ ಸರಿದರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಪೊರೆ, ಎಣ್ಣೆ ಅಲ್ಲ. ಸುತ್ತಿ ಸುಳಿದು ಮತ್ತೆ ಕೂಡಿಕೊಂಡರೆ ಎಣ್ಣೆ. ಎಣ್ಣೆಯಾದರೆ ಹಗುರ ಭಾಗ ಗಾಳಿಗೆ ಹೋಗುತ್ತದೆ, ಭಾರದ್ದು ಹೂಳಿಗೆ ಅಂಟಿ ಕೂರುತ್ತದೆ.

ಮನೆ 31 · 7:46
ಹಾಗಾದರೆ ಹೂಳೇ ತೆಗೆಸೋಣ! ಜೆಸಿಬಿ ನಮ್ಮ ಭಾವನದ್ದೇ ಇದೆ. ಎರಡು ದಿನದ ಕೆಲಸ.

ಮನೆ 44 · 7:47
ಗೊತ್ತಿತ್ತು. ಭಾವ ಬರ್ತಾರೆ ಅಂತ ಕಾಯ್ತಾ ಇದ್ದೆ.

ಮನೆ 31 · 7:47
ಏನು ಅರ್ಥ ನಿಮ್ಮ ಮಾತಿಗೆ?

ಅಡ್ಮಿನ್ · 7:50
ದಯವಿಟ್ಟು ವೈಯಕ್ತಿಕ ಮಾತು ಬೇಡ.

ಮನೆ 7 · 8:05
ಹೂಳು ತೆಗೆಯುವುದು ತಪ್ಪಲ್ಲ, ಆದರೆ ಸುಮ್ನೆ ಕೆದಕುವ ವಿಷಯ ಅಲ್ಲ. ನೀರಿನಲ್ಲಿ ಕರಗದ, ಕೊಬ್ಬಿಗೆ ಅಂಟುವ ಹಳೇ ಕೀಟನಾಶಕದಂಥವೆಲ್ಲ ಹೂಳಿನಲ್ಲೇ ಸೇರಿರುತ್ತವೆ. ಬಿಸಿಲು ಅಲ್ಲಿಗೆ ತಲುಪಲ್ಲ, ಗಾಳಿಯೂ ಇಲ್ಲ. ವರ್ಷಗಟ್ಟಲೆ ಹಾಗೇ ಇರುತ್ತವೆ. ಅಮೆರಿಕದ ಹಡ್ಸನ್ ನದಿಗೆ 1947ರಿಂದ 1977ರವರೆಗೆ ಕಾರ್ಖಾನೆಯ ಪಿಸಿಬಿ ಅನ್ನುವ, ಸುಲಭವಾಗಿ ಹಾಳಾಗದ ರಾಸಾಯನಿಕ ಬಿಟ್ಟರು. ಅದನ್ನು ತಳದಿಂದ ತೆಗೆಯುವ ಕೆಲಸ ನಡೆದದ್ದು 2009ರಿಂದ 2015ರವರೆಗೆ. ಎರಡು ದಿನದಲ್ಲಿ ಅಲ್ಲ.

ನೀರಿನಲ್ಲಿ ಕಡಿಮೆ ಇದೆ ಅಂತ ಬಿಡುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್‌ಗೆ 1949ರಲ್ಲಿ ನೊಣ ಸಾಯಲಿ ಅಂತ ಡಿಡಿಡಿ ಅನ್ನುವ ಕೀಟನಾಶಕ ಹಾಕಿದರು. ಆಮೇಲೆ ಇನ್ನೂ ಎರಡು ಸಲ. ನೀರಿನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲೂ ಇರಲಿಲ್ಲ. ಮೀನು ತಿನ್ನುವ ಗ್ರೀಬ್ ಹಕ್ಕಿ ಸತ್ತಾಗ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ 1,600 ಪಾಲು ಸಿಕ್ಕಿತು. ಆದ್ದರಿಂದ ಸತ್ತ ಮೀನನ್ನು ನಾಯಿ, ಹಕ್ಕಿ ತಿನ್ನುವ ಮುಂಚೆ ತೆಗೆಸಿ. ಅಲ್ಲೇ ಬಿಟ್ಟರೆ ಕೊಳೆತು ಇನ್ನಷ್ಟು ಆಮ್ಲಜನಕ ಬೇರೆ ಹೋಗುತ್ತದೆ. ಹೋದ ಸಲ ಅಂತರಗಂಗೆ ಕಿತ್ತು ದಡದ ನೀರಲ್ಲೇ ಗುಡ್ಡೆ ಹಾಕಿದ್ದರಲ್ಲ, ಅದೇ ಥರ.

ಮನೆ 26 · 8:08
ಅಂತರಗಂಗೆ ಕಿತ್ತವರು ಯಾರು ಅಂತ ಎಲ್ಲರಿಗೂ ಗೊತ್ತು.

ಮನೆ 31 · 8:08
ಫೋಟೊಗೆ ನಿಂತವರು ನೀವೂ ಇದ್ದಿರಿ.

ಮನೆ 12 · 8:20
ಸರಿ, ನಾಳೆ 5ಕ್ಕೆ ಅಂಕಲ್ ಜೊತೆ ಮೀಟರ್ ಹಿಡಿದು ಯಾರು ಬರುತ್ತೀರಿ? ನಾನು ಬರುತ್ತೇನೆ. ಇನ್ನಿಬ್ಬರು ಸಾಕು.

ಮನೆ 19 · 8:31
ಬರಬಹುದಿತ್ತು. ಆದರೆ ಕೋಡಿ ಹತ್ತಿರದ ಲೈಟು ಉರಿಯಲ್ಲ. ಆ ಕತ್ತಲಲ್ಲಿ ನಾಯಿ ಬೇರೆ.

ಟವರ್ ಬಿ 603 · 8:33
ಅದು ನಿಜ. ಎರಡು ಕಂಬ ಆರು ತಿಂಗಳಿಂದ ಸತ್ತಿವೆ. ನಮ್ಮ ಕಡೆಯವರೂ ಕಂಪ್ಲೇಂಟ್ ಕೊಟ್ಟಿದ್ದಾರೆ.

ಮನೆ 31 · 8:34
ಎರಡಲ್ಲ, ಮೂರು. ತಿರುವಿನದೂ ಸೇರಿಸಿ. ಲೈಟ್ ವಿಷಯ ನನಗೆ ಬಿಡಿ. ಲೈನ್‌ಮ್ಯಾನ್ ನನಗೆ ಪರಿಚಯ. ಇವತ್ತೇ ಹಿಡಿಯುತ್ತೇನೆ.

ಮನೆ 26 · 8:35
ಈ ಸಲ 31 ಸರ್ ಹೇಳಿದ್ದು ಸರಿ.

ಮನೆ 44 · 8:36
ಇತಿಹಾಸದಲ್ಲಿ ಮೊದಲ ಬಾರಿ 👏

ಅಡ್ಮಿನ್ · 8:52
ಕಂಬಗಳ ನಂಬರ್ ಗೊತ್ತಿರುವವರು ಇಲ್ಲಿ ಹಾಕಿ. ಒಂದೇ ಪತ್ರದಲ್ಲಿ ಬರೆಯೋಣ. ಸಹಿಗೆ ಸಂಜೆ ಬರುತ್ತೇನೆ.

ಮನೆ 12 · 9:05
ಅಡ್ಮಿನ್, ಅದೇ ಪತ್ರದಲ್ಲಿ ಚರಂಡಿ ವಿಷಯವೂ ಸೇರಿಸಬಹುದಾ? ಮೀಟರಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.

ಮನೆ 31 · 9:06
ಒಂದು ಪತ್ರ, ಒಂದು ವಿಷಯ. ಇಲ್ಲದಿದ್ದರೆ ಮೂಲೆಗೆ ಹಾಕುತ್ತಾರೆ. ಮೊದಲು ಲೈಟ್.

ಮನೆ 7 · 9:20
ಮೀಟರ್ ಗುರುವಾರದವರೆಗೆ ನನ್ನ ಹತ್ತಿರ ಇರುತ್ತದೆ.

ಮನೆ 19 · 9:24
ಬಿಳಿ ಲೈಟ್ ಬೇಡ, ಕಣ್ಣಿಗೆ ಹೊಡೆಯುತ್ತದೆ. ಹಳದಿ ಕೇಳಿ.

ಟವರ್ ಬಿ 603 · 9:25
ಬಿಳಿಯೇ ಇರಲಿ. ಹಳದಿಯಲ್ಲಿ ಪಾರ್ಕಿಂಗ್ ಕ್ಯಾಮೆರಾಗೆ ನಂಬರ್ ಪ್ಲೇಟ್ ಕಾಣಿಸಲ್ಲ.

ಮನೆ 31 · 9:26
ಯಾವ ಪಾರ್ಕಿಂಗ್ ಕ್ಯಾಮೆರಾ? ಯಾರನ್ನು ಕೇಳಿ ಹಾಕಿದಿರಿ?