ಸಹಾಯ ಬೇಕು: ಸದ್ದು ಮಾಡದ, ಬೇಗ ಕಾಯದ ಗ್ರಾಫಿಕ್ಸ್ ಕಾರ್ಡ್ ಯಾವುದು?

ಎಲ್ಲರಿಗೂ ಶರಣು. ಕಲಬುರಗಿಯಲ್ಲಿರುವ ನಮ್ಮ ಮನೆಯ ಚಿಕ್ಕ ಕಂಪ್ಯೂಟರ್‌ಗೆ ಹೆಚ್ಚು ಸದ್ದು ಮಾಡದ, ಬೇಗ ಕಾಯದ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಆರಿಸಲು ತಿಳಿದವರ ಸಲಹೆ ಬೇಕಾಗಿದೆ. ತಂಗಿ ಅದೇ ಕೋಣೆಯಲ್ಲಿ ಕುಳಿತು ವಚನ ಗಾಯನವನ್ನು ಧ್ವನಿಮುದ್ರಿಸಿ, ವಿಡಿಯೊ ಸಂಕಲನವನ್ನೂ ಮಾಡುವುದರಿಂದ, ಫ್ಯಾನಿನ ಸಣ್ಣ ಗುಂಯ್ ಎನ್ನುವ ಸದ್ದು ಕೂಡ ತಂಬೂರಿಯ ಶ್ರುತಿಯ ಹಿಂದೆ ಮೈಕಿಗೆ ಬಂದುಬಿಡುತ್ತದೆ.

ಕ್ಯಾಬಿನೆಟ್ ಕಿರಿದಾಗಿರುವುದರಿಂದ ಲೋ ಪ್ರೊಫೈಲ್, ಅಂದರೆ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ. ಪವರ್ ಸಪ್ಲೈಯಲ್ಲಿ ಕಾರ್ಡಿಗೆಂದು ಬೇರೆ ಕೇಬಲ್ ಇಲ್ಲದ ಕಾರಣ, ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್‌ನೊಳಗೇ ಎಲ್ಲವೂ ನಡೆಯಬೇಕು. 53 ವ್ಯಾಟ್‌ನ ಎಎಮ್‌ಡಿ ಆರ್‌ಎಕ್ಸ್ 6400 ಕಾರ್ಡ್ ಕಡಿಮೆ ಕಾಯುತ್ತದೆ ಎಂಬುದೇನೋ ನಿಜ, ಆದರೆ ಅದರಲ್ಲಿ ವಿಡಿಯೊ ಎನ್‌ಕೋಡರ್ (ಸಂಕಲಿಸಿದ ವಿಡಿಯೊವನ್ನು ಬೇಗ ಕುಗ್ಗಿಸಿ ಕಡತವಾಗಿಸುವ ಭಾಗ) ಇಲ್ಲ. ಮೇಲಾಗಿ ಅದು ದತ್ತಾಂಶ ಹರಿಯುವ ನಾಲ್ಕೇ ಹಾದಿಗಳನ್ನು (ಲೇನ್‌ಗಳನ್ನು) ಬಳಸುವುದರಿಂದ, ಹಳೆಯ ಪೀಳಿಗೆಯ ಪಿಸಿಐಇ 3.0 ಸ್ಲಾಟ್ ಇರುವ ನಮ್ಮ ಬೋರ್ಡಿನಲ್ಲಿ ವೇಗ ಇನ್ನಷ್ಟು ತಗ್ಗಬಹುದು. ಸಂಕಲನಕ್ಕೆ ಅದು ಸಲ್ಲದು ಎಂಬುದು ನನ್ನ ಅಭಿಪ್ರಾಯ. ಹೀಗಾಗಿ 70 ವ್ಯಾಟ್‌ನ ಎನ್‌ವಿಡಿಯಾ ಆರ್‌ಟಿಎಕ್ಸ್ 3050 ಕಾರ್ಡಿನ 6 ಜಿಬಿ ಮೆಮೊರಿಯ ಮಾದರಿಯತ್ತ ಮನಸ್ಸು ವಾಲಿದೆ. 8 ಜಿಬಿಯದಕ್ಕೆ ಪ್ರತ್ಯೇಕ ಕೇಬಲ್ ಬೇಕಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ.

ಗಿಡ್ಡ ಕಾರ್ಡುಗಳ ಫ್ಯಾನ್‌ಗಳು ಪುಟ್ಟವಾದ್ದರಿಂದ, ಅಷ್ಟೇ ಗಾಳಿ ಎಳೆಯಲು ಅವು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಅವು ಎಷ್ಟು ಸದ್ದು ಮಾಡುತ್ತವೆ, ವೋಲ್ಟೇಜ್ ತಗ್ಗಿಸಿ ಓಡಿಸಿದರೆ ಆ ಸದ್ದು ನಿಜವಾಗಿ ಇಳಿಯುತ್ತದೆಯೇ ಎಂಬುದನ್ನು ಬೀದರ್, ಯಾದಗಿರಿ ಕಡೆಯಲ್ಲಿ ಬಳಸುತ್ತಿರುವವರು ದಯವಿಟ್ಟು ತಿಳಿಸಬೇಕು.